ಗ್ರೇನ್ ಸಣ್ಣದಾದರೆ ಲೋಹ ಗಟ್ಟಿ: ಹಾಗಾದರೆ ಆ ರಾಡ್ ಅಂಗಡಿಗೆ ಏಕೆ ಬಂದಿಲ್ಲ?

ದಾವಣಗೆರೆಯಲ್ಲೋ ಹರಿಹರದಲ್ಲೋ ಲೋಹದ ಅಂಗಡಿಗೆ ಹೋಗಿ 6061 ಅಲ್ಯೂಮಿನಿಯಂ ರಾಡ್ ಕೇಳಿ. ಟಿ6 ಸ್ಥಿತಿಯ (ಬಿಸಿ ಸಂಸ್ಕಾರ ಕೊಟ್ಟು ಗಟ್ಟಿ ಮಾಡಿದ) ಮಾಲನ್ನು ಬೇಕಾದ ಉದ್ದಕ್ಕೆ ಕತ್ತರಿಸಿ, ತೂಕ ಹಾಕಿ ಕೊಡುತ್ತಾರೆ. ಅದೇ ಮಿಶ್ರಲೋಹವನ್ನು ಬಾಗಿದ ಕೊಳವೆಯಂಥ ಡೈಯಲ್ಲಿ ನಾಲ್ಕು ಸಲ ಒತ್ತಿ ಹಾಯಿಸಿದರೆ ಒಳಗಿನ ಗ್ರೇನ್ (ಲೋಹವನ್ನು ಕಟ್ಟಿರುವ ಸಣ್ಣ ಸ್ಫಟಿಕದ ಹರಳು) ನೂರರಲ್ಲಿ ಒಂದು ಪಾಲಿನಷ್ಟಾಗುತ್ತದೆ, ಬಲ ಏರುತ್ತದೆ ಎಂದು ಎಂ.ಟೆಕ್ ವರದಿಗಳು ವರ್ಷ ವರ್ಷ ಬರೆಯುತ್ತಲೇ ಇವೆ. ಅದು ಸುಳ್ಳಲ್ಲ. ಆದರೂ ಆ ರಾಡ್ ಮಾರಾಟಕ್ಕೆ ಸಿಗುವುದಿಲ್ಲ. ಗ್ರೇನ್ ಸಣ್ಣದು ಮಾಡುವುದು ಈ ವಿದ್ಯೆಯ ಸುಲಭದ ಭಾಗ. ಅದನ್ನು ಇಡೀ ಉದ್ದಕ್ಕೂ ಒಂದೇ ಸಮ ಮಾಡುವುದು, ಮಾಡಿದ್ದು ಬಿಸಿಗೆ ಕರಗಿಹೋಗದಂತೆ ಉಳಿಸಿಕೊಳ್ಳುವುದು ಕಷ್ಟದ ಭಾಗ. ವರದಿಗಳು ಮೊದಲನೆಯದನ್ನು ಹಿಗ್ಗಿಸಿ ಬರೆದು ಎರಡನೆಯದನ್ನು ಕೊನೆಯ ಪುಟಕ್ಕೆ ತಳ್ಳುತ್ತವೆ.

ಗ್ರೇನ್‌ಗೂ ಬಲಕ್ಕೂ ಇರುವ ನಂಟನ್ನು ಹಾಲ್ 1951ರಲ್ಲಿ, ಪೆಚ್ 1953ರಲ್ಲಿ ಉಕ್ಕಿನ ಮೇಲೆ ತೋರಿಸಿಕೊಟ್ಟರು. ಗ್ರೇನಿನ ವ್ಯಾಸದ ವರ್ಗಮೂಲಕ್ಕೆ ವಿಲೋಮವಾಗಿ ಯೀಲ್ಡ್ ಬಲ (ಲೋಹ ಮರಳಿ ಬಾರದಂತೆ ಬಾಗಲು ಶುರುವಾಗುವ ಒತ್ತಡ) ಏರುತ್ತದೆ ಎಂಬುದು ಅದರ ಸಾರ. ತಾಮ್ರದ ಲೆಕ್ಕ ಹಾಕೋಣ. ಒಂದು ಕಾಲಕ್ಕೆ ಚಿತ್ರದುರ್ಗದ ಪಕ್ಕದ ಇಂಗಳದಾಳದಲ್ಲಿ ಅದಿರು ತೆಗೆದ ಲೋಹ ತಾನೇ. ತಾಮ್ರಕ್ಕೆ ಮೂಲ ಬಲ ಸುಮಾರು 25 ಮೆಗಾಪ್ಯಾಸ್ಕಲ್, ಗ್ರೇನ್ ಗಡಿಗಳ ಪಾಲನ್ನು ನಿರ್ಧರಿಸುವ ಗುಣಾಂಕ ಸುಮಾರು 0.14 (ಗ್ರೇನ್ ಗಾತ್ರವನ್ನು ಮೀಟರ್‌ನಲ್ಲಿ ಹಾಕಿದಾಗ). ಗ್ರೇನ್ 25 ಮೈಕ್ರಾನ್ (ಮಿ.ಮೀ.ಯ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಇದ್ದರೆ ಯೀಲ್ಡ್ 53 ಮೆಗಾಪ್ಯಾಸ್ಕಲ್ ಬರುತ್ತದೆ. ಅದನ್ನು 0.25 ಮೈಕ್ರಾನ್‌ಗೆ ಇಳಿಸಿದರೆ 305. ಗ್ರೇನ್ ನೂರು ಪಟ್ಟು ಸಣ್ಣದಾದರೆ ಗಡಿಗಳ ಪಾಲಿನ ಬಲ ಹತ್ತು ಪಟ್ಟು. ಉಕ್ಕಿನ ಗುಣಾಂಕ ಇದರ ನಾಲ್ಕೈದು ಪಟ್ಟು ಇರುವುದರಿಂದ ಲಾಭ ಅಲ್ಲಿ ಇನ್ನೂ ದೊಡ್ಡದು. ಅಲ್ಯೂಮಿನಿಯಂಗೆ ಗುಣಾಂಕ ಕಡಿಮೆ, ಹಾಗಾಗಿ ಅದರಲ್ಲಿ ಗ್ರೇನ್ ಒಂದನ್ನೇ ನಂಬಿ ಕೂತರೆ ನಿರಾಸೆಯೇ ಗಟ್ಟಿ.

ಒಳಗೆ ನಡೆಯುವುದೇನು?

ಲೋಹ ಬಾಗುವುದು, ಹಿಗ್ಗುವುದು ಎಲ್ಲವೂ ಡಿಸ್ಲೊಕೇಶನ್ ಎಂಬ ಗೆರೆಯಂಥ ದೋಷಗಳು ಸರಿದಾಡುವುದರಿಂದ. ಒತ್ತಿದಷ್ಟೂ ಅವು ಹುಟ್ಟುತ್ತವೆ, ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ, ಗುಂಪುಗೂಡಿ ಗೋಡೆ ಕಟ್ಟುತ್ತವೆ. ಹೀಗೆ ದೊಡ್ಡ ಗ್ರೇನ್‌ನ ಒಳಗೇ ಸಣ್ಣ ಸಣ್ಣ ಕೋಣೆಗಳಾಗುತ್ತವೆ. ಶುರುವಿಗೆ ಈ ಗೋಡೆ ದುರ್ಬಲ. ಅದರ ಎರಡು ಬದಿಯ ಸ್ಫಟಿಕಗಳ ನಡುವೆ ಎರಡು ಮೂರು ಡಿಗ್ರಿ ಓರೆ ಇರುತ್ತದೆ, ಅಷ್ಟೇ. ಒತ್ತಡ ಮುಂದುವರಿದಂತೆ ಗೋಡೆ ಇನ್ನಷ್ಟು ಡಿಸ್ಲೊಕೇಶನ್‌ಗಳನ್ನು ನುಂಗಿ ಓರೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಓರೆ 15 ಡಿಗ್ರಿ ದಾಟಿದ ಮೇಲೇ ಅದು ನಿಜವಾದ ಗ್ರೇನ್ ಗಡಿ. ಡಿಸ್ಲೊಕೇಶನ್‌ಗಳ ಓಡಾಟ ತಡೆದು ಬಲ ಕೊಡುವುದು ಈ ಗಡಿಗಳೇ.

ಶುದ್ಧ ಅಲ್ಯೂಮಿನಿಯಂನಲ್ಲಿ ಮೊದಲ ಪಾಸ್ (ಡೈಯಲ್ಲಿ ಒಂದು ಸಲ ಒತ್ತಿ ಹಾಯಿಸುವುದು) ಮುಗಿಯುವಷ್ಟರಲ್ಲೇ ಕೋಣೆಯ ಗಾತ್ರ ಸುಮಾರು 1.3 ಮೈಕ್ರಾನ್‌ಗೆ ಇಳಿದಿರುತ್ತದೆ. ನಾಲ್ಕನೇ ಪಾಸ್ ಮುಗಿದ ಮೇಲೆ ಅಳೆದರೂ ಹೆಚ್ಚು ಕಡಿಮೆ ಅಷ್ಟೇ. ಹಾಗಾದರೆ ಉಳಿದ ಮೂರು ಪಾಸ್ ದಂಡವೇ? ಅಲ್ಲ. ಆ ಮೂರು ಪಾಸ್‌ಗಳಲ್ಲಿ ಬದಲಾಗುವುದು ಗಾತ್ರವಲ್ಲ, ಗೋಡೆಯ ಗುಣ. ಮೊದಲ ಪಾಸ್‌ನ ಕೋಣೆಗಳು ಉದ್ದುದ್ದ ಪಟ್ಟಿಗಳಂತೆ ಒಂದೇ ದಿಕ್ಕಿಗೆ ಮಲಗಿರುತ್ತವೆ. ನಾಲ್ಕರ ಹೊತ್ತಿಗೆ ಎಲ್ಲ ದಿಕ್ಕಿಗೂ ಸಮನಾದ, ದೊಡ್ಡ ಓರೆಯ ಗಡಿಯುಳ್ಳ ಗ್ರೇನ್‌ಗಳಾಗುತ್ತವೆ. ಗಡಸುತನದ ನಕ್ಷೆ ಮಾತ್ರ ಮೊದಲ ಪಾಸ್‌ನಲ್ಲಿ ಜಿಗಿದು ಆಮೇಲೆ ಚಪ್ಪಟೆಯಾಗುತ್ತದೆ. ಅದನ್ನಷ್ಟೇ ನೋಡುವವರು ಒಂದೇ ಪಾಸ್ ಸಾಕೆಂದು ನಿಲ್ಲಿಸಿಬಿಡುತ್ತಾರೆ.

ಎಷ್ಟೇ ಒತ್ತಿದರೂ ಗ್ರೇನ್ ಒಂದು ಹಂತದಾಚೆ ಸಣ್ಣದಾಗದು. ಡಿಸ್ಲೊಕೇಶನ್ ಹುಟ್ಟುವ ವೇಗಕ್ಕೂ ಅಳಿಯುವ ವೇಗಕ್ಕೂ ಸರಿಸಮವಾದಲ್ಲಿ ಆಟ ನಿಲ್ಲುತ್ತದೆ. ಅಲ್ಯೂಮಿನಿಯಂಗೆ ಮೆಗ್ನೀಸಿಯಂ ಬೆರೆಸಿದರೆ ಅಳಿಯುವುದು ನಿಧಾನವಾಗಿ ಗ್ರೇನ್ ಇನ್ನಷ್ಟು ಕುಗ್ಗುತ್ತದೆ: ಶೇ. 1 ಮೆಗ್ನೀಸಿಯಂ ಇದ್ದರೆ ಸುಮಾರು 0.45 ಮೈಕ್ರಾನ್, ಶೇ. 3 ಇದ್ದರೆ ಸುಮಾರು 0.27. ಡೈಯನ್ನು ಬಿಸಿ ಮಾಡಿ ಒತ್ತಿದರೆ ಉಲ್ಟಾ. ಒತ್ತುವುದು ಸುಲಭವಾಗುತ್ತದೆ, ಗ್ರೇನ್ ದಪ್ಪಗಾಗುತ್ತದೆ.

ಡೈ, ಟನ್, ಬೋಲ್ಟ್

ಸಾಮಾನ್ಯ ರೋಲಿಂಗ್‌ನಲ್ಲಿ ಇದನ್ನು ಮಾಡಲು ಯಾವ ಅಡ್ಡಿ? ಸಮಾನ ಸ್ಟ್ರೇನ್ (ಲೋಹ ಒಟ್ಟು ಎಷ್ಟು ವಿರೂಪಗೊಂಡಿತೆಂಬ ಅಳತೆ) 4 ತಲುಪಬೇಕೆಂದರೆ 12 ಮಿ.ಮೀ. ಪಟ್ಟಿಯನ್ನು 0.4 ಮಿ.ಮೀ.ಗಿಂತ ತೆಳ್ಳಗೆ ತಟ್ಟಬೇಕು. ಆಮೇಲೆ ಕೈಯಲ್ಲಿ ಉಳಿಯುವುದು ಹಾಳೆ. ಸೋವಿಯತ್ ಕಾಲದ ಮಿನ್ಸ್ಕ್‌ನಲ್ಲಿ ಸೆಗಲ್ 1970ರ ದಶಕದಲ್ಲಿ ಕಂಡುಕೊಂಡ ಉಪಾಯವೆಂದರೆ ಅಡ್ಡಕೊಯ್ತವನ್ನು ಬದಲಿಸದೆ ಕತ್ತರಿಯಂಥ ಜರುಗಾಟ ಕೊಡುವುದು. ಒಂದೇ ಅಳತೆಯ ಎರಡು ಚಾನಲ್ 90 ಡಿಗ್ರಿಯಲ್ಲಿ ಕೂಡುತ್ತವೆ. ಬಿಲ್ಲೆಟ್ (ಒತ್ತುವ ಲೋಹದ ತುಂಡು) ಆ ಮೂಲೆ ತಿರುಗುವಾಗ ಜರುಗುತ್ತದೆ, ಹೊರಬಂದಾಗ ದಪ್ಪ ಅಷ್ಟೇ ಇರುತ್ತದೆ. ಅದೇ ಇಕ್ಯಾಪ್ (ಈಕ್ವಲ್ ಚಾನಲ್ ಆಂಗ್ಯುಲರ್ ಪ್ರೆಸ್ಸಿಂಗ್). 90 ಡಿಗ್ರಿಯ ಚೂಪು ಮೂಲೆಯಲ್ಲಿ ಒಂದು ಪಾಸ್‌ಗೆ ಸ್ಟ್ರೇನ್ 1.15. ಹೊರಮೂಲೆಗೆ 20 ಡಿಗ್ರಿ ದುಂಡು ಕೊಟ್ಟರೆ 1.05. ಚಾನಲ್ ಕೋನವನ್ನು 120 ಡಿಗ್ರಿಗೆ ಬಿಚ್ಚಿದರೆ ಅದು 0.67ಕ್ಕೆ ಇಳಿಯುತ್ತದೆ. ಆಗ ಪ್ರೆಸ್‌ಗೆ ಹಗುರ, ಪಾಸ್‌ಗಳ ಸಂಖ್ಯೆ ಹೆಚ್ಚು, ಗ್ರೇನ್ ಗಡಿಯ ಗುಣಮಟ್ಟ ಕಡಿಮೆ.

ಎಷ್ಟು ಟನ್ ಬೇಕು ಎಂಬುದನ್ನು ಡ್ರಾಯಿಂಗ್ ಮಾಡುವ ಮೊದಲೇ ಕೂಡಿಸಿ ನೋಡಬೇಕು. 12 ಮಿ.ಮೀ. ದುಂಡು ಬಿಲ್ಲೆಟ್, ಉದ್ದ 60 ಮಿ.ಮೀ., ಗಟ್ಟಿಯಾದ ಮೇಲಿನ ಫ್ಲೋ ಬಲ (ಲೋಹ ಹರಿಯುತ್ತಿರಲು ಬೇಕಾದ ಒತ್ತಡ) 300 ಮೆಗಾಪ್ಯಾಸ್ಕಲ್ ಎಂದುಕೊಳ್ಳಿ. ಮೂಲೆ ತಿರುಗಿಸಲು ಮಾತ್ರ ಸುಮಾರು 346 ಮೆಗಾಪ್ಯಾಸ್ಕಲ್, ಅಂದರೆ 4 ಟನ್. ಅದಕ್ಕೆ ಗೋಡೆಯ ಘರ್ಷಣೆ ಸೇರಿಸಿ. ಘರ್ಷಣೆ ಅಂಶ 0.1 ಇದ್ದರೆ ಒಟ್ಟು 8 ಟನ್, 0.3ಕ್ಕೆ ಏರಿದರೆ 16 ಟನ್. ಎಳೆದು, ಒತ್ತಿ ಪರೀಕ್ಷಿಸುವ ಲ್ಯಾಬಿನ 40 ಟನ್‌ನ ಯುಟಿಎಂ ಯಂತ್ರಕ್ಕೆ ಇದು ಲೆಕ್ಕಕ್ಕಿಲ್ಲ. ಆದರೆ 16 ಟನ್ ಎಂದರೆ ಬಿಲ್ಲೆಟ್ ತಳ್ಳುವ ಪ್ಲಂಜರ್ ಮೇಲೆ ಸುಮಾರು 1,400 ಮೆಗಾಪ್ಯಾಸ್ಕಲ್; ಪ್ಲಂಜರ್ ಎಳ್ಳಷ್ಟು ಓರೆಯಾಗಿ ಕೂತಿದ್ದರೂ ಬಾಗುತ್ತದೆ, ಇಲ್ಲವೇ ಪಟ್ಟನೆ ತುಂಡಾಗಿ ಸಿಡಿಯುತ್ತದೆ. ಗ್ರೀಸ್ ಉಳಿಸಲು ಹೋಗಿ ಪ್ಲಂಜರ್ ಕಳೆದುಕೊಳ್ಳುವುದು ಹೀಗೆ. ಮಾಲಿಬ್ಡಿನಂ ಡೈಸಲ್ಫೈಡ್ ಪೇಸ್ಟ್ ಅಥವಾ ಗ್ರಾಫೈಟ್ ಗ್ರೀಸನ್ನು ಚಾನಲ್‌ಗೂ ಬಿಲ್ಲೆಟ್‌ಗೂ ಎರಡಕ್ಕೂ, ಪ್ರತಿ ಪಾಸ್‌ಗೂ ಹೊಸದಾಗಿ ಬಳಿಯಬೇಕು. ಪ್ರೆಸ್ ಮುಂದೆ ಪಾಲಿಕಾರ್ಬೊನೇಟ್ ತಡೆ ಇರಲೇಬೇಕು.

ಡೈಗೆ ಎಚ್13 ಟೂಲ್ ಸ್ಟೀಲ್, ಗಡಸು 50 ಎಚ್‌ಆರ್‌ಸಿ (ರಾಕ್‌ವೆಲ್ ಗಡಸಿನ ಅಳತೆ) ಆಸುಪಾಸು. ಪ್ಲಂಜರ್‌ಗೆ ಡಿ2 ಅಥವಾ ಹೈಸ್ಪೀಡ್ ಸ್ಟೀಲ್, 58ರಿಂದ 60. ಹರಿಹರದಲ್ಲಿ ಲೇತ್ ತಯಾರಾಗುತ್ತಿದ್ದ ಕಾಲದಿಂದ ಬಂದ ಟೂಲ್‌ರೂಮ್ ಕೈಚಳಕಕ್ಕೆ ಇದೇನೂ ದೊಡ್ಡ ಕೆಲಸವಲ್ಲ. ಹೆಚ್ಚಿನವರು ಎಡವುವುದು ಎರಡು ಹೋಳಿನ ಡೈಯ ಬೋಲ್ಟ್‌ನಲ್ಲಿ. ಪಕ್ಕದ ಒತ್ತಡ ಸರಾಸರಿ 300 ಮೆಗಾಪ್ಯಾಸ್ಕಲ್ ಎಂದಿಟ್ಟುಕೊಂಡರೂ 12 ಗುಣಿಸು 60 ಮಿ.ಮೀ. ಮುಖದ ಮೇಲೆ 22 ಟನ್ ಬೀಳುತ್ತದೆ. 12.9 ದರ್ಜೆಯ ಎಂ12 ಬೋಲ್ಟ್ ಒಂದರ ಪ್ರೂಫ್ ಲೋಡ್ ಸುಮಾರು 8 ಟನ್, ನಾಲ್ಕು ಹಾಕಿದರೆ 32. ಹಾಗಾಗಿ ಬೋಲ್ಟ್ ಮುರಿಯುವುದಿಲ್ಲ, ಆದರೆ ಟಾರ್ಕ್ ಕೊಟ್ಟು ಮೊದಲೇ ಬಿಗಿಯದಿದ್ದರೆ ಹಿಗ್ಗುತ್ತದೆ. ಹೋಳುಗಳ ನಡುವೆ ಕೂದಲೆಳೆಯಷ್ಟು ಬಾಯಿ ಬಿಟ್ಟರೆ ಸಾಕು, ಅಲ್ಯೂಮಿನಿಯಂ ಅಲ್ಲಿ ನುಗ್ಗಿ ರೆಕ್ಕೆಯಂಥ ಫ್ಲ್ಯಾಶ್ ಆಗುತ್ತದೆ, ಫ್ಲ್ಯಾಶ್ ಬೆಣೆಯಾಗಿ ಬಾಯನ್ನು ಇನ್ನಷ್ಟು ಅಗಲಿಸುತ್ತದೆ. ಹೊರಗಿನಿಂದ ಬಿಸಿ ಮಾಡಿದ ಉಕ್ಕಿನ ಬಳೆ ಹಾಕಿ ಕುಗ್ಗಿಸುವುದು ಬೋಲ್ಟ್‌ಗಿಂತ ಎಷ್ಟೋ ಮೇಲು.

ಒತ್ತುವ ವೇಗ ಸೆಕೆಂಡಿಗೆ 1 ಮಿ.ಮೀ. ಅಥವಾ ಕಡಿಮೆ. ಅವಸರ ಮಾಡಿದರೆ ಬಿಲ್ಲೆಟ್ ತಾನೇ ಬಿಸಿಯಾಗುತ್ತದೆ. ಹೊರಬಂದ ಪೀಸ್ ತುಸು ಉಬ್ಬಿರುತ್ತದೆ, ತುದಿ ಓರೆಯಾಗಿರುತ್ತದೆ. ಮತ್ತೆ ಡೈಗೆ ಹಾಕುವ ಮೊದಲು ಲೇತಿಗೆ ಕಟ್ಟಿ ಸವರಬೇಕು, ಹಾಗಾಗಿ ಪ್ರತಿ ಪಾಸ್‌ಗೂ ಅಳತೆ ಇಷ್ಟಿಷ್ಟೇ ಸವೆಯುತ್ತದೆ. ಬಿಲ್ಲೆಟ್ ತಾನಾಗಿ ಆಚೆ ಬರುವುದಿಲ್ಲ ಎಂಬುದನ್ನೂ ಮರೆಯಬಾರದು. ಮುಂದಿನ ಪೀಸ್ ಅದನ್ನು ತಳ್ಳಬೇಕು, ಕಡೆಯ ಪೀಸ್‌ಗೆ ಬಲಿ ಕೊಡಲು ಒಂದು ತುಂಡು ಬೇಕು.

ಪ್ರತಿ ಪಾಸ್ ನಂತರ ಪೀಸನ್ನು ಅದರ ಉದ್ದದ ಅಕ್ಷದ ಸುತ್ತ ಒಂದೇ ದಿಕ್ಕಿಗೆ 90 ಡಿಗ್ರಿ ತಿರುಗಿಸುವುದಕ್ಕೆ ಬಿ-ಸಿ ಮಾರ್ಗ ಎನ್ನುತ್ತಾರೆ. ನಾಲ್ಕು ಪಾಸ್‌ಗೆ ಒಂದು ಸುತ್ತು ಪೂರ್ಣ, ಎಲ್ಲ ತಳಗಳ ಮೇಲೂ ಜರುಗಾಟ ಆಗಿರುತ್ತದೆ. ಸಮನಾದ ಗ್ರೇನ್ ಬೇಗ ಸಿಗುವುದು ಇದರಲ್ಲೇ. ತಿರುಗಿಸುವುದನ್ನು ಒಮ್ಮೆ ಮರೆತರೂ ಮಾರ್ಗ ಕಲಸಿಹೋಗುತ್ತದೆ, ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಬಿಲ್ಲೆಟ್‌ನ ಹಿಂದಿನ ಮುಖದ ಅಂಚಿನಲ್ಲಿ ಸೆಂಟರ್ ಪಂಚಿನಿಂದ ಒಂದು ಚುಕ್ಕೆ ಹೊಡೆದು, ಅದು ಪ್ರತಿ ಸಲ ಎಲ್ಲಿ ನಿಂತಿತ್ತೆಂದು ಬರೆದಿಡುವುದು ಒಳ್ಳೆಯದು.

ಬಿರುಕಿನ ಮಾತು. ಅಂಗಡಿಯಿಂದ ತಂದ 6061-ಟಿ6 ರಾಡನ್ನು ಹಾಗೆಯೇ ತಣ್ಣಗೆ ಒತ್ತಿದರೆ ಮೇಲ್ಮೈ ಹಲ್ಲುಹಲ್ಲಾಗಿ ಸೀಳುವುದು ಬಹುಮಟ್ಟಿಗೆ ಖಚಿತ. 415 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಅನೀಲ್ ಮಾಡಿ (ಕಾಯಿಸಿ ಮೆತ್ತಗಾಗಿಸಿ) ಕುಲುಮೆಯಲ್ಲೇ ನಿಧಾನ ತಣಿಸಬೇಕು. ಇಲ್ಲವೇ 530 ಡಿಗ್ರಿಯಲ್ಲಿ ದ್ರಾವಣ ಸಂಸ್ಕಾರ ಕೊಟ್ಟು (ಬೆರೆಸಿದ ಧಾತುಗಳನ್ನು ಲೋಹದೊಳಗೆ ಕರಗಿಸಿ), ನೀರಿಗೆ ಹಾಕಿ, ತಡಮಾಡದೆ ಒತ್ತಬೇಕು. ನಮ್ಮ ಆಯ್ಕೆ ಎರಡನೆಯದು. ಅಲ್ಯೂಮಿನಿಯಂನಲ್ಲಿ ಗ್ರೇನ್‌ನ ಪಾಲು ಕಡಿಮೆ ಎಂದೆವಲ್ಲ, ಆ ಕೊರತೆ ತುಂಬುವುದು ಒತ್ತಿದ ಮೇಲೆ ಕೊಡುವ ಏಜಿಂಗ್ (ಹದವಾಗಿ ಕಾಯಿಸಿ ಕರಗಿದ ಧಾತುಗಳನ್ನು ನುಣ್ಣನೆಯ ಕಣಗಳಾಗಿ ಹೊರಬೀಳಿಸುವುದು). ಆದರೆ ಪುಸ್ತಕದ 175 ಡಿಗ್ರಿ ಇಲ್ಲಿ ನಡೆಯದು. ಡಿಸ್ಲೊಕೇಶನ್ ತುಂಬಿದ ಲೋಹದಲ್ಲಿ ಕಣಗಳು ಬೇಗ ಒಸರಿ ಬೇಗ ದಪ್ಪಗಾಗುವುದರಿಂದ 100ರಿಂದ 120 ಡಿಗ್ರಿ ಸಾಕು. ಮೆಗ್ನೀಸಿಯಂ ಮಿಶ್ರಲೋಹ ಎಝಡ್31ರ ಸ್ಫಟಿಕ ಷಟ್ಕೋನದ್ದು, ಜಾರುವ ತಳಗಳು ಕಡಿಮೆ. 200ರಿಂದ 250 ಡಿಗ್ರಿಗೆ ಡೈ ಕಾಯಿಸದೆ ಅದರ ತಂಟೆಗೆ ಹೋಗಬಾರದು. ಎರಕದ ತುಂಡನ್ನು ಮೊದಲು ಎಕ್ಸ್‌ಟ್ರೂಡ್ ಮಾಡಿಕೊಂಡರೆ ಇನ್ನೂ ಕ್ಷೇಮ.

ಇಷ್ಟೆಲ್ಲ ಆದ ಮೇಲೆ ಕೈಗೆಷ್ಟು ಬಂತು? ಮುಂದಿನ ಮತ್ತು ಹಿಂದಿನ ತುದಿಗಳು ಸರಿಯಾಗಿ ಜರುಗಿರುವುದಿಲ್ಲ, ಪ್ರತಿ ತುದಿಯಲ್ಲೂ ಕನಿಷ್ಠ ಒಂದು ವ್ಯಾಸದಷ್ಟು ಕತ್ತರಿಸಿ ಬಿಸಾಡಬೇಕು. ಡೈಯ ಹೊರಮೂಲೆಗೆ ತಾಗಿದ ಬದಿಯಲ್ಲಿ ಸ್ಟ್ರೇನ್ ಕಡಿಮೆ. 60 ಮಿ.ಮೀ.ಯಲ್ಲಿ ನಂಬಬಹುದಾದ್ದು ಸುಮಾರು 35 ಮಿ.ಮೀ. ಒಂದು ಸಣ್ಣ ಬೋಲ್ಟ್ ಆದೀತು. ಉದ್ದದ ಬಿಲ್ಲೆಟ್ ಹಾಕೋಣವೆಂದರೆ ಉದ್ದದ ಜೊತೆಗೇ ಘರ್ಷಣೆ ಏರಿ ಪ್ಲಂಜರ್ ಕೈಕೊಡುತ್ತದೆ. ರಾಡ್ ಅಂಗಡಿಗೆ ಬಾರದಿರುವ ಮೊದಲ ಕಾರಣ ಇಲ್ಲಿದೆ.

ಬೇರೆ ದಾರಿಗಳ ಕಥೆಯೂ ಇದೇ ಜಾಡಿನದು. ಅತಿ ಹೆಚ್ಚಿನ ಒತ್ತಡದಲ್ಲಿ ತಿರುಚುವ ಎಚ್‌ಪಿಟಿ ವಿಧಾನದ ಬೇರು 1946ರ ಭೌತಶಾಸ್ತ್ರ ನೊಬೆಲ್ ಪಡೆದ ಬ್ರಿಜ್‌ಮನ್ ಅವರ ಕೆಲಸದಲ್ಲಿದೆ. ಅದನ್ನು ಗ್ರೇನ್ ಸಣ್ಣದು ಮಾಡುವ ವಿದ್ಯೆಯಾಗಿ ಬೆಳೆಸಿದ್ದು ರಷ್ಯಾದ ಉಫಾದಲ್ಲಿ ವಲಿಯೆವ್ ಮತ್ತು ಸಂಗಡಿಗರು. 10 ಮಿ.ಮೀ. ವ್ಯಾಸದ ಬಿಲ್ಲೆ, 0.8 ಮಿ.ಮೀ. ದಪ್ಪ, 6 ಗಿಗಾಪ್ಯಾಸ್ಕಲ್ ಒತ್ತಡ. ಐದು ಸುತ್ತು ತಿರುಚಿದರೆ ಅಂಚಿನಲ್ಲಿ ಸಮಾನ ಸ್ಟ್ರೇನ್ ನೂರು ದಾಟುತ್ತದೆ, ನಡುಮಧ್ಯದಲ್ಲಿ ಲೆಕ್ಕದ ಪ್ರಕಾರ ಸೊನ್ನೆ. ಸಂಶೋಧನೆಗೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ, ಸಾಮಾನು ಮಾಡಲು ಇದಕ್ಕಿಂತ ನಿರುಪಯೋಗಿಯೂ ಇಲ್ಲ. ಜಪಾನಿನಲ್ಲಿ ಸೈತೊ, ತ್ಸುಜಿ ತಂಡ 1998ರಲ್ಲಿ ಮುಂದಿಟ್ಟ ಎಆರ್‌ಬಿ ವಿಧಾನಕ್ಕೆ ಡೈಯೇ ಬೇಡ, ರೋಲಿಂಗ್ ಮಿಲ್ ಸಾಕು. ಚಿರೋಟಿಗೆ ಪದರ ಕೂಡಿಸಿ ಲಟ್ಟಿಸಿದ ಹಾಗೆ ಎರಡು ತಗಡು ಒಂದರ ಮೇಲೊಂದಿಟ್ಟು ಅರ್ಧಕ್ಕೆ ಇಳಿಸಿ, ಕತ್ತರಿಸಿ, ಮತ್ತೆ ಜೋಡಿಸುವುದು. ಪ್ರತಿ ಸುತ್ತಿನಲ್ಲಿ ಸ್ಟ್ರೇನ್ 0.8, ಹತ್ತು ಸುತ್ತು ಮುಗಿದರೆ 1,024 ಪದರ. ಅಸಿಟೋನಿನಲ್ಲಿ ಜಿಡ್ಡು ತೆಗೆದು, ಸ್ಟೀಲ್ ಬ್ರಷ್ಷಿನಿಂದ ಉಜ್ಜಿ, ಆಕ್ಸೈಡ್ ಮತ್ತೆ ಹಿಡಿಯುವ ಮುಂಚೆ ರೋಲ್‌ಗೆ ಕೊಡಬೇಕು. ಕೈಬೆರಳು ತಾಗಿದ ಕಡೆ ಪದರ ಬಿಡುತ್ತದೆ. ಆರನೇ ಸುತ್ತಿನ ಹೊತ್ತಿಗೆ ಅಂಚಿನ ಬಿರುಕು ಒಳಗೆ ನುಗ್ಗಿರುತ್ತದೆ, ಅದನ್ನು ಪ್ರತಿ ಸುತ್ತಿಗೂ ಕತ್ತರಿಸುತ್ತ ತಗಡು ಅಗಲ ಕಳೆದುಕೊಳ್ಳುತ್ತದೆ.

ಅಳತೆಯಲ್ಲಿ ಆಗುವ ಮೋಸ

ಇದರ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳಬೇಕು. ಎಕ್ಸ್‌ರೇ ಡಿಫ್ರ್ಯಾಕ್ಷನ್ ಮಾಡಿಸಿ, ಶೆರರ್ ಸೂತ್ರಕ್ಕೆ ಗೆರೆಯ ಅಗಲ ಹಾಕಿ, ಬಂದ 60-70 ನ್ಯಾನೋಮೀಟರ್ ಅಂಕಿಯನ್ನು "ಗ್ರೇನ್ ಗಾತ್ರ" ಎಂದು ಬರೆಯುವ ಪದ್ಧತಿ ಬೇರೂರಿಬಿಟ್ಟಿದೆ. ಆ ಸೂತ್ರ ಅಳೆಯುವುದು ಓರೆಯಿಲ್ಲದೆ ಒಟ್ಟಾಗಿ ಎಕ್ಸ್‌ರೇ ಚದುರಿಸುವ ತುಣುಕನ್ನು. ಡಿಸ್ಲೊಕೇಶನ್ ಗೋಡೆಗಳ ನಡುವಿನ ಕೋಣೆಯೂ ಅದರ ಲೆಕ್ಕಕ್ಕೆ ಒಂದು ತುಣುಕೇ. ಅದೇ ಪೀಸನ್ನು ಇಬಿಎಸ್‌ಡಿಯಲ್ಲಿ (ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಸ್ಫಟಿಕಗಳ ಓರೆ ಅಳೆಯುವ ವಿಧಾನ) ನೋಡಿದರೆ ಗ್ರೇನ್ 300-400 ನ್ಯಾನೋಮೀಟರ್ ಇರಬಹುದು. ಉಪಕರಣದ ಅಗಲವನ್ನೂ ಒಳಗಿನ ಸ್ಟ್ರೇನಿನ ಅಗಲವನ್ನೂ ಕಳೆಯದೆ ಬರೆದ ಅಂಕಿಗಂತೂ ಬೆಲೆಯೇ ಇಲ್ಲ. ಆಪ್ಟಿಕಲ್ ಮೈಕ್ರೋಸ್ಕೋಪ್ ಕೂಡ ಈ ಗಾತ್ರಕ್ಕೆ ಕುರುಡು. ಅದರಲ್ಲಿ ಕಾಣುವುದು ಹಳೆಯ ಗ್ರೇನ್‌ಗಳ ಉದ್ದವಾದ ನೆರಳು. ಗ್ರೇನ್ ಕಾಣುವಂತೆ ಮೇಲ್ಮೈಯನ್ನು ಕೆಲ್ಲರ್ ದ್ರಾವಣದಲ್ಲಿ ಕೊರೆಸುವವರಿಗೆ (ಎಚಿಂಗ್) ಒಂದು ಮಾತು: ಅದರಲ್ಲಿ ಹೈಡ್ರೊಫ್ಲೂರಿಕ್ ಆಮ್ಲವಿದೆ, ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆಟುಕುವಲ್ಲಿ ಇಲ್ಲದೆ ಬಾಟಲಿ ತೆರೆಯಬೇಡಿ. ಕೈಗೆಟುಕುವ ಖರ್ಚಿನಲ್ಲಿ ಆಗುವ ಒಳ್ಳೆಯ ಪರೀಕ್ಷೆ ಎಂದರೆ ಅಡ್ಡಕೊಯ್ತದ ಮೇಲೆ 1 ಮಿ.ಮೀ. ಅಂತರದಲ್ಲಿ ವಿಕರ್ಸ್ ಗಡಸುತನದ ಗುರುತು ಹೊಡೆದು ನಕ್ಷೆ ಮಾಡುವುದು. ಒಂದು ಬದಿ ಮೆತ್ತಗಿದ್ದರೆ ತಕ್ಷಣ ತಿಳಿಯುತ್ತದೆ.

ಎಳೆದು ನೋಡುವ ಪರೀಕ್ಷೆಯಲ್ಲೂ ಇಂಥದ್ದೇ ಜಾಣತನ ನಡೆಯುತ್ತದೆ. "ಹಿಗ್ಗುವಿಕೆ ಶೇ. 12" ಎಂದರೆ ಒಟ್ಟು ಹಿಗ್ಗುವಿಕೆ. ಅದರಲ್ಲಿ ಕುತ್ತಿಗೆ ಕಟ್ಟುವ (ಒಂದೇ ಕಡೆ ಸಪೂರವಾಗುವ) ಮೊದಲಿನ ಸಮ ಹಿಗ್ಗುವಿಕೆ ಎರಡೋ ಮೂರೋ ಇರಬಹುದು. ಗ್ರೇನ್ ತೀರಾ ಸಣ್ಣದಾದಾಗ ಡಿಸ್ಲೊಕೇಶನ್ ಕೂಡಿಡಲು ಒಳಗೆ ಜಾಗವೇ ಇರುವುದಿಲ್ಲ. ಎಳೆದಂತೆ ಗಟ್ಟಿಯಾಗುವ ಶಕ್ತಿ ಉಳಿಯದೆ ಒಂದೇ ಕಡೆ ಕುತ್ತಿಗೆ ಕಟ್ಟುತ್ತದೆ. ಬಾಗಿಸಿ, ಒತ್ತಿ ಆಕಾರ ಕೊಡಬೇಕಾದ ಭಾಗಕ್ಕೆ ಇದು ದೊಡ್ಡ ಅಡ್ಡಿ.

ಬಿಸಿಯದು ಇನ್ನೊಂದು ಪಾಡು. ಒಳಗೆ ಕೂಡಿಟ್ಟ ಶಕ್ತಿ ಬಿಡುಗಡೆಗೆ ಕಾಯುತ್ತಿರುತ್ತದೆ. ಶುದ್ಧ ತಾಮ್ರ 150-200 ಡಿಗ್ರಿಗೆ, ಶುದ್ಧ ಅಲ್ಯೂಮಿನಿಯಂ 200ರ ಆಸುಪಾಸಿಗೆ ಗ್ರೇನ್ ಬೆಳೆಸಿಕೊಂಡುಬಿಡುತ್ತವೆ. ಪೌಡರ್ ಕೋಟಿಂಗ್ ಒವನ್ನಿನ ಬಿಸಿಯೇ 180ರಿಂದ 200 ಡಿಗ್ರಿ. ನಾಲ್ಕು ಪಾಸ್ ಒತ್ತಿ ಗಳಿಸಿದ್ದು ಬಣ್ಣ ಹಾಕಿಸುವಷ್ಟರಲ್ಲಿ ಹೋಗುತ್ತದೆ. ವೆಲ್ಡಿಂಗ್ ಮಾತೇ ಬೇಡ. ಜಿರ್ಕೋನಿಯಂ ಅಥವಾ ಸ್ಕ್ಯಾಂಡಿಯಂ ಶೇ. 0.2ರಷ್ಟು ಸೇರಿಸಿದರೆ ಅವು ನುಣ್ಣನೆಯ ಕಣಗಳಾಗಿ ಗಡಿಗಳನ್ನು ಹಿಡಿದು ನಿಲ್ಲಿಸುತ್ತವೆ, 300 ಡಿಗ್ರಿಯವರೆಗೂ ಧೈರ್ಯವಾಗಿರಬಹುದು. ಸ್ಕ್ಯಾಂಡಿಯಂ ದರ ಕೇಳಿದವರು ಸಾಮಾನ್ಯವಾಗಿ ಜಿರ್ಕೋನಿಯಂಗೆ ಒಪ್ಪುತ್ತಾರೆ.

ಚಳ್ಳಕೆರೆ ಬಳಿಯ ಡಿಆರ್‌ಡಿಒ ಏರೊನಾಟಿಕಲ್ ಟೆಸ್ಟ್ ರೇಂಜ್ 2017ರಲ್ಲಿ ಉದ್ಘಾಟನೆಯಾದ ಮೇಲೆ ಈ ಭಾಗದಲ್ಲಿ ಡ್ರೋನ್ ಮಾತು ಹೆಚ್ಚಿದೆ, ಜೊತೆಗೆ "ಸಣ್ಣ ಗ್ರೇನ್‌ನ ಅಲ್ಯೂಮಿನಿಯಂ ಹಾಕಿ ತೂಕ ಇಳಿಸಬಹುದು" ಎಂಬ ಆಸೆಯೂ ಕೇಳಿಬರುತ್ತದೆ. ಒಂದು ಎಚ್ಚರ ಬೇಕು. ಗ್ರೇನ್ ಎಷ್ಟೇ ಸಣ್ಣದಾಗಲಿ, ಅಲ್ಯೂಮಿನಿಯಂನ ಯಂಗ್ ಮಾಡ್ಯುಲಸ್ (ಬಾಗದೆ ಸೆಟೆದು ನಿಲ್ಲುವ ಗುಣದ ಅಳತೆ) 70 ಗಿಗಾಪ್ಯಾಸ್ಕಲ್ ಹತ್ತಿರವೇ ಇರುತ್ತದೆ. ಡ್ರೋನಿನ ತೋಳು, ರೆಕ್ಕೆಯ ಪಕ್ಕೆಲುಬುಗಳಂಥ ಭಾಗಗಳ ದಪ್ಪ ಹೆಚ್ಚಾಗಿ ನಿರ್ಧಾರವಾಗುವುದು ಬಾಗದಿರುವುದಕ್ಕೆ, ಮುರಿಯದಿರುವುದಕ್ಕಲ್ಲ. ಅಲ್ಲಿ ಬಲ ದ್ವಿಗುಣವಾದರೂ ತೂಕ ಒಂದು ಗ್ರಾಂ ಇಳಿಯದು. ಬೋಲ್ಟ್, ಪಿನ್, ಸ್ಕ್ರೂಗಳಲ್ಲಿ ಮಾತ್ರ ಲಾಭ.

ಎಲ್ಲಿ ದಕ್ಕಿದೆ

ಸಣ್ಣ ಸಾಮಾನು, ದೊಡ್ಡ ಬೆಲೆ ಇರುವಲ್ಲಿ ದಕ್ಕಿದೆ. ಹಲ್ಲಿನ ಇಂಪ್ಲಾಂಟ್‌ಗೆ ಬಳಸುವ ಶುದ್ಧ ಟೈಟಾನಿಯಂ ಗ್ರೇಡ್ 4ರ ಗ್ರೇನ್ ಸಣ್ಣದು ಮಾಡಿದಾಗ ಬಲ ಸುಮಾರು 700ರಿಂದ 1,240 ಮೆಗಾಪ್ಯಾಸ್ಕಲ್‌ಗೆ ಏರಿದೆ, ಹಿಗ್ಗುವಿಕೆ ಶೇ. 25ರಿಂದ 12ಕ್ಕೆ ಇಳಿದಿದೆ. ವೆನೇಡಿಯಂ ಬೆರೆಸದೆ ಇಷ್ಟು ಬಲ ಸಿಕ್ಕಿದ್ದರಿಂದ 2.4 ಮಿ.ಮೀ.ಯಷ್ಟು ಸಪೂರದ ಇಂಪ್ಲಾಂಟ್ ಸಾಧ್ಯವಾಯಿತು. ಚಿಪ್ ಕಾರ್ಖಾನೆಗಳ ಸ್ಪಟರಿಂಗ್ ಟಾರ್ಗೆಟ್ (ಚಿಪ್ ಮೇಲೆ ಲೋಹದ ತೆಳು ಪದರ ಹಾಸಲು ಬಳಸುವ ಲೋಹದ ಬಿಲ್ಲೆ) ಇನ್ನೊಂದು. ಹನಿವೆಲ್ ಅಲ್ಯೂಮಿನಿಯಂ, ತಾಮ್ರದ ಟಾರ್ಗೆಟ್‌ಗಳನ್ನು ಈ ವಿಧಾನದಲ್ಲೇ ತಯಾರಿಸಿ ಮಾರಿದೆ.

ನಮ್ಮ ಕಡೆಗೆ ಹೆಚ್ಚು ಸಂಬಂಧಪಟ್ಟದ್ದು ವಿದ್ಯುತ್ ತಂತಿ. ಚಿತ್ರದುರ್ಗದ ಗುಡ್ಡಗಳ ಗಾಳಿಯಂತ್ರಗಳಿಂದ ವಿದ್ಯುತ್ ಹೊತ್ತು ಸಾಗುವ ತಂತಿಗೆ ಬಲವೂ ಬೇಕು, ವಾಹಕತೆಯೂ ಬೇಕು. ಮಾಮೂಲಾಗಿ ಒಂದನ್ನು ಏರಿಸಿದರೆ ಇನ್ನೊಂದು ಇಳಿಯುತ್ತದೆ. ಅಲ್ಯೂಮಿನಿಯಂ-ಮೆಗ್ನೀಸಿಯಂ-ಸಿಲಿಕಾನ್ ಮಿಶ್ರಲೋಹದಲ್ಲಿ ಎಲೆಕ್ಟ್ರಾನನ್ನು ಹೆಚ್ಚು ಕಾಡುವುದು ಗ್ರೇನ್ ಗಡಿಯಲ್ಲ, ಅಲ್ಯೂಮಿನಿಯಂನಲ್ಲಿ ಕರಗಿ ಕೂತ ಮೆಗ್ನೀಸಿಯಂ, ಸಿಲಿಕಾನ್ ಪರಮಾಣುಗಳು. ತೀವ್ರವಾಗಿ ಜರುಗಿಸಿ ಏಜ್ ಮಾಡಿದಾಗ ಅವು ನುಣ್ಣನೆಯ ಕಣಗಳಾಗಿ ಹೊರಬೀಳುತ್ತವೆ, ಎಲೆಕ್ಟ್ರಾನ್‌ನ ದಾರಿ ತೆರವಾಗುತ್ತದೆ, ಗಡಿಗಳು ಬಲ ಕೊಡುತ್ತವೆ. ಉದ್ದದ ಸಮಸ್ಯೆಗೂ ಇಲ್ಲಿ ಉತ್ತರವಿದೆ. ತಿರುಗುವ ಚಕ್ರದ ತೋಡಿನಲ್ಲಿ ರಾಡ್ ಕೂರಿಸಿ ಘರ್ಷಣೆಯಿಂದಲೇ ಮುಂದೆ ತಳ್ಳುವ ಕನ್‌ಫಾರ್ಮ್ ಯಂತ್ರ ಕೇಬಲ್ ಉದ್ಯಮಕ್ಕೆ ಹಳೆಯದು. ರಾಬ್, ವಲಿಯೆವ್ ತಂಡ 2004ರಲ್ಲಿ ಅದಕ್ಕೆ ಇಕ್ಯಾಪ್ ಮೂಲೆ ಜೋಡಿಸಿ ತೋರಿಸಿತು. ಇಲ್ಲಿ ಪ್ಲಂಜರೂ ಇಲ್ಲ, 60 ಮಿ.ಮೀ. ಮಿತಿಯೂ ಇಲ್ಲ. ಘರ್ಷಣೆ ಶತ್ರುವಿನ ಬದಲು ಕೆಲಸದಾಳು. ಈ ವಿದ್ಯೆ ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ಬಂದರೆ ತಂತಿಯ ರೂಪದಲ್ಲೇ ಮೊದಲು ಬರುತ್ತದೆ ಎಂಬುದು ನಮ್ಮ ಅಂದಾಜು.

ಸಣ್ಣ ವರ್ಕ್‌ಶಾಪ್ ಇವತ್ತೇ ಏನಾದರೂ ಮಾಡುವುದಿದ್ದರೆ ಇಕ್ಯಾಪ್ ಡೈಗೆ ದುಡ್ಡು ಸುರಿಯುವುದಕ್ಕಿಂತ ಫ್ರಿಕ್ಷನ್ ಸ್ಟರ್ ಪ್ರೊಸೆಸಿಂಗ್ (ತಿರುಗುವ ಟೂಲನ್ನು ಲೋಹದೊಳಗೆ ಒತ್ತಿ ಕಲಸುತ್ತ ಸಾಗುವುದು) ವಾಸಿ. ಗಟ್ಟಿಮುಟ್ಟಾದ ವರ್ಟಿಕಲ್ ಮಿಲ್ಲಿಂಗ್ ಮಷಿನ್, ಎಚ್13 ಟೂಲ್, 18 ಮಿ.ಮೀ. ಶೋಲ್ಡರ್, 6 ಮಿ.ಮೀ. ಪಿನ್, 2ರಿಂದ 3 ಡಿಗ್ರಿ ಓರೆ, ಸುಮಾರು 1,000 ಆರ್‌ಪಿಎಂ, ನಿಮಿಷಕ್ಕೆ 40ರಿಂದ 60 ಮಿ.ಮೀ. ಫೀಡ್. ಲೋಹ ಕರಗುವುದಿಲ್ಲ, ಕಲಸಿದಂತಾಗಿ ಹೊಸ ಗ್ರೇನ್ ಹುಟ್ಟುತ್ತದೆ. ಸಿಗುವುದು ಕೆಲವು ಮೈಕ್ರಾನ್‌ನ ಗ್ರೇನ್, ನ್ಯಾನೋ ಅಲ್ಲ. ಆದರೆ ಎ356 ಅಲ್ಯೂಮಿನಿಯಂ ಎರಕದ ಪಂಪ್ ಹೌಸಿಂಗ್‌ನಲ್ಲಿ ಬಿರುಕು ಹುಟ್ಟುವ ಜಾಗಕ್ಕಷ್ಟೇ ಇದನ್ನು ಕೊಟ್ಟರೆ ಗಾಳಿಗುಳ್ಳೆ ಮುಚ್ಚುತ್ತದೆ, ಸಿಲಿಕಾನ್ ಸೂಜಿಗಳು ಪುಡಿಯಾಗುತ್ತವೆ, ಎರಕದ ಫ್ಯಾಟಿಗ್ ಆಯಸ್ಸಿಗೆ (ಮತ್ತೆ ಮತ್ತೆ ಭಾರ ಬಿದ್ದರೂ ಬಾಳುವ ಅವಧಿಗೆ) ಅದೇ ದೊಡ್ಡ ಉಪಕಾರ. ಫೀಡ್ ಅವಸರಿಸಿದರೆ ಬಿಸಿ ಸಾಲದೆ ಒಳಗೆ ಸುರಂಗ ಉಳಿಯುತ್ತದೆ, ಮೇಲಿನಿಂದ ಕಾಣದು; ಅಡ್ಡ ಕೊಯ್ದು ನೋಡಿಯೇ ಫೀಡ್ ನಿಗದಿ ಮಾಡಬೇಕು. ಟೂಲ್ ಎತ್ತಿದ ಕಡೆ ಪಿನ್ ಗಾತ್ರದ ತೂತು ಬೀಳುತ್ತದೆ, ಅದನ್ನು ಮಷಿನಿಂಗ್‌ನಲ್ಲಿ ಹೋಗುವ ಜಾಗಕ್ಕೆ ತಂದು ನಿಲ್ಲಿಸಬೇಕು. ಟೂಲ್ ಕೆಳಗೆ ಒತ್ತುವ ಭಾರ ಅರ್ಧದಿಂದ ಒಂದು ಟನ್ ಆಗಬಹುದಾದ್ದರಿಂದ ಹಳೆಯ ಮಷಿನಿಗೆ ಹಾಕುವ ಮೊದಲು ಸ್ಪಿಂಡಲ್ ಬೇರಿಂಗ್ ಅಷ್ಟು ಥ್ರಸ್ಟ್ ತಡೆಯುತ್ತದೆಯೇ ಎಂದು ಅದರ ಕ್ಯಾಟಲಾಗ್ ತೆಗೆದು ನೋಡಬೇಕು.